ಫೀಡ್ ಮೂಟೆಯ ಹೊಲಿಗೆ

ಚಿಂತಾಮಣಿ ಸುತ್ತಮುತ್ತಲಿನ ಕೋಳಿ ಫಾರಂಗಳಿಗೆ ಓಡಾಡುವ ಪಶುವೈದ್ಯ ನಾನು. ಹನ್ನೊಂದು ವರ್ಷವಾಯಿತು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಕೇತ್ ಅನ್ನುವ ವೈರಸ್ ರೋಗಕ್ಕೆ, ಸತ್ತ ಕೋಳಿಗಳನ್ನು ಪರೀಕ್ಷೆಗೆಂದು ಎಷ್ಟು ಕೊಯ್ದಿದ್ದೇನೋ, ಲೆಕ್ಕ ಇಟ್ಟಿಲ್ಲ. ಲೆಕ್ಕ ಇಡಬೇಕು ಅನ್ನಿಸದಷ್ಟು ರೂಢಿಯಾಗಿದ್ದೇ 2025ರ ಮಾರ್ಚ್‌ನಲ್ಲಿ ನನಗೆ ಮುಳುವಾಯಿತು.

ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ನಾಟಿಕೋಳಿಗಳು ಸತ್ತು, ಹಕ್ಕಿಜ್ವರ ಅಂತ ಖಚಿತವಾಗಿತ್ತು. ಅದಾಗಿ ಕೆಲವೇ ದಿನ. ಬೆಳಗ್ಗೆ ಆರಕ್ಕೆ ಫೋನು. ಆರುನೂರು ಗಿರಿರಾಜ ಕೋಳಿ ಸಾಕಿದ್ದ ಯಜಮಾನರು. "ಸಾರ್, ರಾತ್ರಿ ಇಪ್ಪತ್ತು ಹೋದ್ವು. ಬೇಗ ಬನ್ನಿ."

ಹೋಗಿ ನೋಡಿದರೆ ಹಸಿರು ಹಿಕ್ಕೆ, ಕತ್ತು ತಿರುಚಿಕೊಂಡು ಆಕಾಶ ನೋಡುತ್ತಿದ್ದ ಎರಡು ಹ್ಯಾಟೆ, ಜುಟ್ಟು ನೀಲಿಗೆ ತಿರುಗಿದ ಒಂದು ಹುಂಜ. ಹೊಂಗೆ ಮರದ ಕೆಳಗೆ ಖಾಲಿ ಫೀಡ್ ಚೀಲ ಹಾಸಿಕೊಂಡು ಒಂದನ್ನು ಕೊಯ್ದೆ. ಮುಂಜಠರದ ಒಳಗೋಡೆಯ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ರಕ್ತದ ಚುಕ್ಕೆಗಳು. "ಕೊಕ್ಕರೆ ರೋಗ ಯಜಮಾನ್ರೇ. ಬೂಸ್ಟರ್ ಲಾಸೋಟ ಹಾಕಿದ್ರಾ?" ಅಂದೆ. ಹಾಕಿದ್ದರು. ಆದರೆ ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕಿನ ನೀರಿಗೇ ಬೆರೆಸಿದ್ದರು. ಲಾಸೋಟ ಅನ್ನುವ ಆ ಲಸಿಕೆಯಲ್ಲಿರುವುದು ಜೀವಂತ ವೈರಸ್, ಕ್ಲೋರಿನ್ ಅದನ್ನು ಕೋಳಿಯ ಬಾಯಿ ಸೇರುವ ಮೊದಲೇ ಮುಗಿಸಿಬಿಟ್ಟಿತ್ತು. ಕಾರಣವೂ ಸಿಕ್ಕಿತಲ್ಲ, ನನಗೆ ಇನ್ನೇನು ಬೇಕು? ಕೈ ತೊಳೆದುಕೊಂಡು, ಅದೇ ಬೂಟಿನಲ್ಲಿ, ಮೂರು ಕಿಲೋಮೀಟರ್ ಆಚೆಯ ಬ್ರಾಯ್ಲರ್ ಶೆಡ್ಡಿಗೆ ಹೋದೆ.

ರಾತ್ರಿ ಊಟ ಮಾಡುವಾಗ ನೆನಪಾಗಿದ್ದು ಕಾಲು. ಆ ಹುಂಜದ ಕಾಲಿನ ಪೊರೆಯ ಅಡಿಯಲ್ಲಿ ಕೆಂಪು ಕಲೆಗಳಿದ್ದವು. ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ. ಕಾಲಿನ ಮೇಲೆ ಹಾಗೆ ರಕ್ತ ಹೆಪ್ಪುಗಟ್ಟುವುದು ಹಕ್ಕಿಜ್ವರದಲ್ಲಿ ಹುಡುಕಲೇಬೇಕಾದ ಗುರುತು. ಮಿಕ್ಕಿದ್ದೆಲ್ಲ, ಅಂದರೆ ಹಸಿರು ಹಿಕ್ಕೆ, ಕತ್ತು ತಿರುಚು, ಮುಂಜಠರದ ಚುಕ್ಕೆ, ಎರಡು ರೋಗಕ್ಕೂ ಸಲ್ಲುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡ ವಿಷಯ ಇದು.

ಎರಡು ರೋಗ ಇಷ್ಟು ಒಂದೇ ಥರ ಕಾಣುವುದಕ್ಕೆ ಒಳಗೊಂದು ಕಾರಣವಿದೆ. ಆ ಮೇಲೆ ಯಜಮಾನರಿಗೆ ಅದನ್ನು ಫೀಡ್ ಮೂಟೆ ತೋರಿಸಿಯೇ ಹೇಳಿದೆ. ಮೂಟೆಯ ಬಾಯಿಗೆ ಸರಪಳಿ ಹೊಲಿಗೆ ಇರುತ್ತದಲ್ಲ, ಸರಿಯಾದ ಎಳೆ ಹಿಡಿದು ಎಳೆದರೆ ಒಂದೇ ಸಲಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಆ ಎಳೆ ಯಾವುದು ಅಂತ ಗೊತ್ತಿಲ್ಲದವನು ಹಲ್ಲು ಕಡಿದರೂ ಬಿಚ್ಚುವುದಿಲ್ಲ. ಹಕ್ಕಿಜ್ವರದ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಅಂತ ಒಂದು ಪ್ರೋಟೀನ್ ಇದೆ. ಎಚ್5ಎನ್1 ಅನ್ನುವಾಗಿನ 'ಎಚ್' ಅದೇ. ಅದು ಹುಟ್ಟುವುದು ಹೊಲಿದ ಮೂಟೆಯಾಗಿ. ಕೋಳಿಯದೇ ಯಾವುದಾದರೂ ಕಿಣ್ವ ಅದನ್ನು ಒಂದು ನಿಗದಿತ ಜಾಗದಲ್ಲಿ ಕತ್ತರಿಸಿ ಎರಡು ತುಂಡು ಮಾಡಬೇಕು. ಅಲ್ಲಿಯವರೆಗೆ ಆ ವೈರಸ್ ಹೊಸ ಜೀವಕೋಶಕ್ಕೆ ಅಂಟಿಕೊಂಡೀತು, ಒಳಗೆ ಇಳಿಯಲಾರದು.

ಸೌಮ್ಯ ತಳಿಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಅರ್ಜಿನೀನ್ ಅನ್ನುವ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರದ ಒಂದು ಮಣಿ, ಒಂದೇ ಒಂದು ಇರುತ್ತದೆ. ಅದನ್ನು ಕತ್ತರಿಸಬಲ್ಲ ಟ್ರಿಪ್ಸಿನ್ ಥರದ ಕಿಣ್ವಗಳು ಶ್ವಾಸನಾಳದಲ್ಲೂ ಕರುಳಿನಲ್ಲೂ ಮಾತ್ರ ಸಿಗುತ್ತವೆ. ಹಾಗಾಗಿ ರೋಗ ಅಲ್ಲಿಗೇ ನಿಲ್ಲುತ್ತದೆ. ಒಂದಿಷ್ಟು ಸೀನು, ಮೊಟ್ಟೆ ಕಡಿಮೆ. ಮಾರಕ ತಳಿಗಳಲ್ಲಿ ಅದೇ ಜಾಗದಲ್ಲಿ ಅರ್ಜಿನೀನ್, ಅದರಂಥದೇ ಲೈಸೀನ್‌ಗಳು ಸಾಲಾಗಿ ನಿಂತಿರುತ್ತವೆ. ಅದನ್ನು ಫ್ಯೂರಿನ್ ಅನ್ನುವ ಕಿಣ್ವ ಕತ್ತರಿಸುತ್ತದೆ. ಫ್ಯೂರಿನ್ ಇಲ್ಲದ ಅಂಗ ಕೋಳಿಯ ಮೈಯಲ್ಲಿ ಇಲ್ಲ ಅಂದರೂ ನಡೆಯುತ್ತದೆ: ಮೆದುಳು, ಹೃದಯ, ಜುಟ್ಟು, ಕಾಲಿನ ರಕ್ತನಾಳ. ಬಿಚ್ಚಿದ ಎಳೆಯನ್ನು ಗೇಟಿಗೆ ನೇತುಹಾಕಿದ ಹಾಗೆ, ಹೋಗುವವರು ಬರುವವರೆಲ್ಲ ಎಳೆಯಬಹುದು.

ಕೊಕ್ಕರೆ ರೋಗದ ವೈರಸ್ ಬೇರೆ ಕುಲದ್ದು. ಆದರೂ ಜೀವಕೋಶದೊಳಗೆ ಇಳಿಯಲು ಅದಕ್ಕೆ ಬೇಕಾದ 'ಎಫ್' ಪ್ರೋಟೀನಿಗೂ ಇದೇ ಹೊಲಿಗೆ, ಇದೇ ಕತ್ತರಿ. ನಾವು ದಿನಾ ಕೋಳಿಗೆ ಕುಡಿಸುವ ಲಾಸೋಟ ಕೂಡ ಅಪ್ಪಟ ಕೊಕ್ಕರೆ ರೋಗದ ವೈರಸ್ಸೇ. ಕೊಲ್ಲುವುದಿಲ್ಲ ಏಕೆಂದರೆ ಕತ್ತರಿಸುವ ಜಾಗದಲ್ಲಿ ಅರ್ಜಿನೀನ್‌ಗಳ ನಡುವೆ ಗ್ಲೈಸೀನ್ ಅನ್ನುವ ಬೇರೆ ಮಣಿ ತೂರಿಕೊಂಡಿದೆ, ಫ್ಯೂರಿನ್‌ಗೆ ಅದು ಒಗ್ಗುವುದಿಲ್ಲ. ಎರಡೂ ವೈರಸ್‌ಗಳ ಮಾರಕ ತಳಿಗಳು ಒಂದೇ ದಾರಿಯಲ್ಲಿ ಮೈಯೆಲ್ಲ ಹರಡುತ್ತವೆ. ಅಂದಮೇಲೆ ಚೀಲದ ಮೇಲೆ ಕೊಯ್ದ ಕೋಳಿಯಲ್ಲಿ ನಾನು ನೋಡಿದ ಚುಕ್ಕೆಗಳು ಯಾವ ವೈರಸ್ ಅಂತ ಹೇಳಲು ಸಾಧ್ಯವೇ ಇರಲಿಲ್ಲ. ನಾನು ಮಾತ್ರ ಹೇಳಿಬಿಟ್ಟಿದ್ದೆ.

ರಾತ್ರಿಯೇ ತಾಲ್ಲೂಕಿನ ಪಶುವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಅನುಮಾನ ಬಂದರೆ ತಿಳಿಸಲೇಬೇಕು, ಪ್ರಾಣಿಗಳ ಸೋಂಕು ರೋಗ ತಡೆಯುವ 2009ರ ಕಾಯ್ದೆಯೇ ಹಾಗಿದೆ. ಆಮೇಲಿನ ಫೋನು ಕಷ್ಟದ್ದು, ಬ್ರಾಯ್ಲರ್ ಶೆಡ್ಡಿನವರಿಗೆ. "ನಿಮ್ಮ ಕಾಲಿನ ಕೊಳೆ ನನ್ ಶೆಡ್ಡಿಗೆ ತಂದ್ರಾ ಸಾರ್?" ಅಂದರು. ಮೂವತ್ತನಾಲ್ಕು ದಿನದ ಬ್ಯಾಚು, ಇನ್ನು ವಾರದಲ್ಲಿ ಲಾರಿ ಬರಬೇಕಿತ್ತು. ನನ್ನಲ್ಲಿ ಉತ್ತರ ಇರಲಿಲ್ಲ.

ಮಾರನೇ ದಿನ ಇಲಾಖೆಯವರು ಪಿಪಿಇ ಹಾಕಿಕೊಂಡು ಬಂದು ಗಂಟಲು, ಗುದದ್ವಾರ ಎರಡರಿಂದಲೂ ಸ್ವಾಬ್ ತೆಗೆದರು. ಎರಡೂ ಬೇಕು. ಬಾತಿನಂಥ ಹಕ್ಕಿಗಳಲ್ಲಂತೂ ವೈರಸ್ ಕರುಳಿನಲ್ಲಿ ಬೆಳೆದು, ಹಕ್ಕಿ ಆರೋಗ್ಯವಾಗಿಯೇ ಕಂಡು, ನೀರಿಗೆ ಹಿಕ್ಕೆ ಹಾಕಿ ಹಾರಿಹೋಗುತ್ತದೆ. ನಮ್ಮ ಕಡೆ ಕೆರೆಗಳಿಗೆ ನೀರು ಬಂದ ಮೇಲೆ ಹಕ್ಕಿಗಳೂ ಬಂದಿವೆ, ನೋಡಲು ಚೆಂದವೇ. ಫಾರಂ ಕೆರೆಯ ಏರಿ ಪಕ್ಕದಲ್ಲಿದ್ದರೆ ಮಾತ್ರ ನನಗೆ ಈಗ ಚೆಂದ ಅನ್ನಿಸುವುದಿಲ್ಲ. ಅಂದಹಾಗೆ 'ಮಾರಕ', 'ಸೌಮ್ಯ' ಅನ್ನುವ ವಿಂಗಡಣೆಯೇ ಕೋಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದು. ಬಾತಿಗೋ ಮನುಷ್ಯನಿಗೋ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ.  

ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಹೋಯಿತು. ಹಕ್ಕಿಜ್ವರವಾದರೆ ಕೊನೆಯ ಮಾತು ಭೋಪಾಲದ ಪ್ರಯೋಗಾಲಯದ್ದು. ಖಚಿತವಾಗಿಬಿಟ್ಟಿದ್ದರೆ ಸುತ್ತಲಿನ ಒಂದು ಕಿಲೋಮೀಟರಿನಲ್ಲಿ ಕೋಳಿ ಅನ್ನುವುದು ಉಳಿಯುತ್ತಿರಲಿಲ್ಲ. ಉತ್ತರ ಬರುವವರೆಗೆ ನಾನು ಯಾವ ಫಾರಂಗೂ ಕಾಲಿಡಲಿಲ್ಲ. ಮನೆಯಲ್ಲಿ ಕೂತು ಫೋನಿನಲ್ಲೇ ಔಷಧಿ ಹೇಳಿದೆ. ದಿನಕ್ಕೆ ನಾಲ್ಕು ಸಲ ಬ್ರಾಯ್ಲರ್ ಶೆಡ್ಡಿನವರಿಗೆ "ಎಷ್ಟು ಹೋಯ್ತು?" ಅಂತ ಕೇಳಿದೆ. ಮೂರನೇ ದಿನಕ್ಕೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು.

ವರದಿ ಬಂತು: ಎಚ್5 ಇಲ್ಲ. ಕೊಕ್ಕರೆ ರೋಗವೇ. ನನ್ನ ಊಹೆ ಸರಿಯಾಗಿತ್ತು, ಕೆಲಸ ತಪ್ಪಾಗಿತ್ತು. ಸರಿಯಾದ ಊಹೆಯೇ ನನ್ನನ್ನು ಕಾಪಾಡಿತು ಅಂತ ಸ್ನೇಹಿತರು ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಕೊಕ್ಕರೆ ರೋಗವೂ ಬೂಟಿನಲ್ಲಿ ಪ್ರಯಾಣ ಮಾಡುತ್ತದೆ. ಬ್ರಾಯ್ಲರ್ ಶೆಡ್ಡಿಗೆ ಏನೂ ಆಗದಿದ್ದುದು ಅವರು ಲಸಿಕೆ ಸರಿಯಾಗಿ ಹಾಕಿದ್ದರಿಂದ.

ಈಗ ಡಿಕ್ಕಿಯಲ್ಲಿ ಎರಡು ಜೊತೆ ಗಂಬೂಟು ಇವೆ. ರಾತ್ರೋರಾತ್ರಿ ಗುಂಪಾಗಿ ಸತ್ತ ಕೋಳಿಯನ್ನು ನಾನು ಫಾರಂನಲ್ಲಿ ಕೊಯ್ಯುವುದಿಲ್ಲ, ಮೊದಲು ಕಾಲು ನೋಡುತ್ತೇನೆ, ಮೊದಲ ಫೋನು ಇಲಾಖೆಗೆ.

ಯಜಮಾನರು ಮೂಟೆಯ ಹೊಲಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಹೊಸ ಬ್ಯಾಚು ಬಂದ ದಿನ ಕೇಳಿದರು: "ಅಲ್ಲ ಸಾರ್, ಕೊಕ್ಕರೆ ರೋಗಕ್ಕೆ ಸಾಧು ವೈರಸ್ ಕುಡಿಸ್ತೀವಿ. ಹಕ್ಕಿಜ್ವರಕ್ಕೂ ಒಂದು ಸಾಧು ಎಚ್5 ಹುಡುಕಿ ಕುಡಿಸಬೌದಲ್ವಾ?"

ಅಮೆರಿಕದ ಪೆನ್ಸಿಲ್ವೇನಿಯಾದ ಕಥೆ ಹೇಳಿದೆ. 1983ರ ಏಪ್ರಿಲ್‌ನಲ್ಲಿ ಅಲ್ಲಿ ಕಾಣಿಸಿದ ಎಚ್5ಎನ್2 ಸೌಮ್ಯವಾಗಿತ್ತು. ಅರ್ಜಿನೀನ್, ಲೈಸೀನ್‌ಗಳ ಸಾಲು ಆಗಲೇ ಇತ್ತು, ಆದರೆ ಪಕ್ಕದಲ್ಲೊಂದು ಸಕ್ಕರೆಯ ಸರಪಳಿ ಎಳೆಯ ತುದಿಗೆ ಟೇಪು ಅಂಟಿಸಿದ ಹಾಗೆ ಮುಚ್ಚಿಕೊಂಡಿತ್ತು. ಒಂದು ಚಿಕ್ಕ ರೂಪಾಂತರದಿಂದ ಆ ಸಕ್ಕರೆ ಉದುರಿತು. ಅಕ್ಟೋಬರ್ ಹೊತ್ತಿಗೆ ಅದೇ ವೈರಸ್ ಶೆಡ್ಡುಗಳನ್ನೇ ಖಾಲಿ ಮಾಡತೊಡಗಿತು. ಹತೋಟಿಗೆ ತರುವಷ್ಟರಲ್ಲಿ ಸುಮಾರು 1.7 ಕೋಟಿ ಹಕ್ಕಿಗಳು ಹೋಗಿದ್ದವು. ಸಾಲದ್ದಕ್ಕೆ ಹಕ್ಕಿಜ್ವರದಂಥ ಫ್ಲೂ ವೈರಸ್ಸಿನ ಜೀನ್‌ಗಳು ಎಂಟು ಬಿಡಿ ತುಂಡುಗಳಲ್ಲಿವೆ. ಒಂದೇ ಕೋಳಿಗೆ ಎರಡು ತಳಿ ಹೊಕ್ಕರೆ ತುಂಡುಗಳು ಅದಲುಬದಲಾಗುತ್ತವೆ. ಕೊಕ್ಕರೆ ರೋಗದ ವೈರಸ್ಸಿನದು ಒಂದೇ ಉದ್ದನೆಯ ದಾರ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾದ್ರೆ ಅದಕ್ಕೆ ಸಾಧು ಅನ್ನೋ ಹೆಸರೇ ಕೊಡಬಾರ್ದು ಬಿಡಿ" ಅಂದು, ಬಾವಿಯ ನೀರು ತರಲು ಹೋದರು. ಲಾಸೋಟ ಬೆರೆಸುವುದಕ್ಕೆ.