ಯುವಕನ ಕೈಯಲ್ಲಿರುವ ದುಂಡು ಫಲಕ

2021ರ ಜನವರಿ 28ರಂದು ನ್ಯೂಯಾರ್ಕ್‌ನ ಸೋದ್‌ಬೀಸ್ ಹರಾಜಿನಲ್ಲಿ 15ನೆಯ ಶತಮಾನದ ಇಟಲಿಯ ಚಿತ್ರಕಾರ ಬಾಟಿಚೆಲ್ಲಿಯ ‘ದುಂಡು ಫಲಕ ಹಿಡಿದ ಯುವಕ’ ಎಂಬ ಭಾವಚಿತ್ರ ಮಾರಾಟವಾದಾಗ ಸುದ್ದಿಯಾದದ್ದು ಮುಖ್ಯವಾಗಿ ಅದರ ಬೆಲೆ. ಹರಾಜುಗಾರನ ಸುತ್ತಿಗೆ 8 ಕೋಟಿ ಡಾಲರಿಗೆ ಬಿದ್ದಿತ್ತು. ಕೊಳ್ಳುವವರು ಹರಾಜು ಸಂಸ್ಥೆಗೆ ಪ್ರತ್ಯೇಕವಾಗಿ ತೆರಬೇಕಾದ ಶುಲ್ಕವೂ ಸೇರಿ ಮೊತ್ತ ಸುಮಾರು 9.22 ಕೋಟಿಗೆ ಏರಿತು. ಇದೇ ಚಿತ್ರ 1982ರಲ್ಲಿ ಲಂಡನ್ನಿನ ಹರಾಜಿನಲ್ಲಿ 8,10,000 ಪೌಂಡಿಗೆ ಕೈಬದಲಾಗಿತ್ತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಬೆರಗಾಗುವುದು ಸುಲಭ. ಆದರೆ ಚಿತ್ರವನ್ನು ನೋಡಿದಷ್ಟೂ ನನ್ನ ಗಮನವೆಲ್ಲ ಯುವಕನ ಕೈಯಲ್ಲಿರುವ ಫಲಕದ ಮೇಲೆಯೇ ನಿಲ್ಲುತ್ತದೆ.

ಪಾಪ್ಲರ್ ಮರದ ಹಲಗೆಯ ಮೇಲೆ, ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಬಳಿಯುವ ಟೆಂಪೆರಾ ವಿಧಾನದಲ್ಲಿ, ಸುಮಾರು 1480ರ ಹೊತ್ತಿಗೆ ಇದನ್ನು ಬರೆಯಲಾಗಿದೆ. ಉದ್ದನೆಯ ಹೊಂಗೂದಲಿನ, ಸರಳವಾದ ಗುಂಡಿಯಂಗಿ ತೊಟ್ಟ ಯುವಕನೊಬ್ಬ ಕಿಟಕಿಯಂಥ ಚೌಕಟ್ಟಿನ ಮುಂದೆ ಕುಳಿತು ನೇರವಾಗಿ ನಮ್ಮನ್ನು ನೋಡುತ್ತಾನೆ. ಅವನು ಯಾರೆಂದು ಖಚಿತವಾಗಿ ಗೊತ್ತಿಲ್ಲ. ಅವನು ಎರಡೂ ಕೈಗಳಲ್ಲಿ ಹಿಡಿದಿರುವ ದುಂಡು ಫಲಕದಲ್ಲಿ, ಚಿನ್ನದ ಹಿನ್ನೆಲೆಯ ಮೇಲೆ, ಗಡ್ಡಧಾರಿ ಸಂತನೊಬ್ಬನಿದ್ದಾನೆ. ಆ ಸಂತ ಬಾಟಿಚೆಲ್ಲಿಯ ಕೈಚಳಕವಲ್ಲ! ಅದು ಇಟಲಿಯದೇ ಸಿಯೆನಾ ನಗರದ ಚಿತ್ರಕಾರ ಬಾರ್ತೊಲೊಮಿಯೊ ಬುಲ್ಗಾರಿನಿಯದೆಂದು ಹೇಳಲಾಗುವ 14ನೆಯ ಶತಮಾನದ ಬೇರೊಂದು ಚಿತ್ರ. ಅದನ್ನು ಈ ಹಲಗೆಯೊಳಗೆ ಕೂರಿಸಲಾಗಿದೆ.

ಹೀಗೆ ಕೂರಿಸಿದವರು ಯಾರು, ಯಾವಾಗ ಎಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಮೊದಲು ಆ ಜಾಗದಲ್ಲಿ ಬೇರೇನೋ ಇದ್ದು, ಆಮೇಲೆ ಸಂತನನ್ನು ತಂದಿಟ್ಟರೆಂಬುದು ಒಂದು ವಾದ. ಬಾಟಿಚೆಲ್ಲಿಯೇ ಹೀಗೆ ಯೋಜಿಸಿದ್ದನೆಂಬುದು ಇನ್ನೊಂದು ವಾದ, ನನ್ನ ಒಲವೂ ಅತ್ತಲೇ. ಏಕೆಂದರೆ ಫ್ಲಾರೆನ್ಸಿನ ಉಫಿಝಿ ಸಂಗ್ರಹಾಲಯದಲ್ಲಿರುವ, ಅವನೇ ಬರೆದ ಮತ್ತೊಂದು ಭಾವಚಿತ್ರದಲ್ಲಿ ವ್ಯಕ್ತಿಯ ಕೈಯಲ್ಲಿರುವ, ಆ ನಗರದ ಪ್ರಬಲ ಮನೆತನದ ಹಿರಿಯ ಕೋಸಿಮೊ ಮೆಡಿಚಿಯ ಪದಕವನ್ನು ಬಣ್ಣದಲ್ಲಿ ಬರೆಯದೆ, ಗಾರೆಯಲ್ಲಿ ಉಬ್ಬುಕೆತ್ತನೆ ಮಾಡಿ ಚಿನ್ನ ಲೇಪಿಸಿ ಹಲಗೆಗೆ ಸೇರಿಸಿದ್ದಾನೆ. ಚಿತ್ರದೊಳಗಿನ ಕೈಗೆ ನಿಜವಾದ ವಸ್ತುವೊಂದನ್ನು ಹಿಡಿಸುವ ಆಟ ಅವನಿಗೆ ಹೊಸದಾಗಿರಲಿಲ್ಲ.

ಹಳೆಯ ಮಹಾನ್ ಕಲಾವಿದರ ಮಾರುಕಟ್ಟೆಯಲ್ಲಿ ಇಂಥ ಪ್ರಶ್ನೆಗಳೇ ಹಣದ ಪ್ರಶ್ನೆಗಳಾಗುತ್ತವೆ. ಕಲಾವಿದ ಸ್ವತಃ ಬರೆದದ್ದೇ, ಅವನ ಕಾರ್ಯಾಗಾರದಲ್ಲಿ ಸಿದ್ಧವಾದದ್ದೇ, ಅವನ ಅನುಯಾಯಿಯದೇ ಎಂಬುದನ್ನು ಹರಾಜು ಪಟ್ಟಿ ಬಹು ಎಚ್ಚರಿಕೆಯಿಂದ ನಮೂದಿಸುತ್ತದೆ. ಒಂದೊಂದು ಮೆಟ್ಟಿಲು ಇಳಿದಂತೆ ಬೆಲೆ ಎಷ್ಟೋ ಪಟ್ಟು ಕುಸಿಯುತ್ತದೆ. ಒಡೆತನದ ಇತಿಹಾಸವೂ ಅಷ್ಟೇ ಮುಖ್ಯ. ಈ ಚಿತ್ರ ವೇಲ್ಸ್‌ನ ಸಿರಿವಂತ ಮನೆತನವೊಂದರಿಂದ ಭೌತವಿಜ್ಞಾನಿ ಸರ್ ಥಾಮಸ್ ಮರ್ಟನ್ ಅವರ ಸಂಗ್ರಹಕ್ಕೆ, ಅಲ್ಲಿಂದ 1982ರ ಹರಾಜಿಗೆ ಬಂದದ್ದು ದಾಖಲಾಗಿದೆ. ಬಾಟಿಚೆಲ್ಲಿಯ ಭಾವಚಿತ್ರಗಳು ಉಳಿದಿರುವುದೇ ಸುಮಾರು ಒಂದು ಡಜನ್, ಅವುಗಳಲ್ಲಿ ಹೆಚ್ಚಿನವು ವಸ್ತುಸಂಗ್ರಹಾಲಯಗಳ ಪಾಲಾಗಿವೆ.

ಇದಕ್ಕೂ ಮೊದಲು ಹರಾಜಿನಲ್ಲಿ ಅವನ ಕೃತಿಗೆ ಸಂದಿದ್ದ ಅತಿ ಹೆಚ್ಚಿನ ಬೆಲೆ 2013ರಲ್ಲಿ ಮಡೊನ್ನಾ, ಅಂದರೆ ಮೇರಿಮಾತೆಯ, ಚಿತ್ರವೊಂದಕ್ಕೆ ದೊರೆತ ಸುಮಾರು 1.04 ಕೋಟಿ ಡಾಲರ್. ಭಕ್ತಿಚಿತ್ರಕ್ಕೂ ಭಾವಚಿತ್ರಕ್ಕೂ ನಡುವಿನ ಈ ವ್ಯತ್ಯಾಸ ಅಪರೂಪತೆಯೊಂದರಿಂದಲೇ ಬಂದದ್ದಲ್ಲವೆಂದು ನನ್ನ ಭಾವನೆ. ಧರ್ಮದ ಹಿನ್ನೆಲೆ ತಿಳಿಯದವರೂ ಹೆಸರಿಲ್ಲದ ಸುಂದರ ಯುವಕನನ್ನು ತಡೆಯಿಲ್ಲದೆ ಮೆಚ್ಚಬಲ್ಲರು. ಆದರೆ ಈ ಯುವಕ ನಮ್ಮ ಮುಂದೆ ಹಿಡಿದಿರುವುದು ಸಂತನನ್ನೇ ಎಂಬುದನ್ನು ಬೆಲೆಯ ಚರ್ಚೆಯಲ್ಲಿ ನೆನೆದವರು ಕಡಿಮೆ.

ಹಿಂದಿನ ಒಡೆಯರ ಕಾಲದಲ್ಲಿ ಈ ಚಿತ್ರ ಎರವಲಾಗಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೂ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೂ ಹೋಗಿತ್ತು. 2021ರಲ್ಲಿ ಕೊಂಡವರ ಹೆಸರನ್ನು ಸಂಸ್ಥೆ ಪ್ರಕಟಿಸಲಿಲ್ಲ. ಖಾಸಗಿ ಒಡೆಯರು ತಮ್ಮ ಚಿತ್ರವನ್ನು ಸಾರ್ವಜನಿಕರಿಗೆ ತೋರಿಸಲೇಬೇಕೆಂಬ ಕಟ್ಟುಪಾಡು ಹರಾಜಿನ ಕರಾರಿನಲ್ಲಿ ಇರುವುದಿಲ್ಲ.