ಯೆಜ್ಡಿಯ ಹಿಂಚಕ್ರದ ರಿಪೇರಿ

ಮೈಸೂರು, 6 ಜುಲೈ 2025, ಭಾನುವಾರ

ಬೆಳಿಗ್ಗೆ ಆರೂವರೆಗೆ ಮಳೆ ಬಿಡುವು ಕೊಟ್ಟಿತ್ತು. ಹದಿನೈದು ದಿನಗಳಿಂದ ಬಿಚ್ಚಿಟ್ಟಿದ್ದ ಅಪ್ಪನ ಹಳೆಯ ಬೈಕು ಯೆಜ್ಡಿ 250 ಅನ್ನು ಬನ್ನೂರಿನವರೆಗೆ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಊರೂರಿಗೂ ಇರುವ ಹಂಪ್‌ಗಳನ್ನು ದಾಟುವಾಗ ಗಾಡಿಯ ಹಿಂಭಾಗ ಒಮ್ಮೆ ಕುಗ್ಗಿ, ಒಮ್ಮೆ ಮೇಲೆದ್ದು, ಅಲ್ಲಿಗೇ ನಿಂತಿತು. ಕಳೆದ ತಿಂಗಳವರೆಗೆ ಅದೇ ಹಂಪ್‌ಗಳ ಮೇಲೆ ಮೂರು ನಾಲ್ಕು ಬಾರಿ ಕುಣಿದು, ತಿರುವಿನಲ್ಲಿ ಹಿಂಚಕ್ರ ಪಕ್ಕಕ್ಕೆ ಸರಿದಂತೆ ಭಾಸವಾಗುತ್ತಿತ್ತು. ಈ ಬದಲಾವಣೆ ಹೇಗೆ ಬಂತೆಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ನಾನು ಯೋಚಿಸಿದ ದಾರಿ ಬೇರೆಯೇ ಆಗಿತ್ತು. ಹಿಂಚಕ್ರಕ್ಕೆ ಬೀಳುವ ಏಟನ್ನು ತಡೆಯುವ ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ತೆಗೆದು, ಹೊಸ ಗಾಡಿಗಳಿಗೆ ಹಾಕುವ ಗ್ಯಾಸ್ ಶಾಕ್‌ಗಳನ್ನು ಕೂರಿಸಿ, ಹಿಂದಿನ 3.25-16 (3.25 ಇಂಚು ಅಗಲ, 16 ಇಂಚಿನ ರಿಮ್) ಟೈರಿನ ಬದಲಿಗೆ 3.50-16 ಟೈರು ಹಾಕಿಸಬೇಕೆಂದು ತೀರ್ಮಾನಿಸಿ, ಒಂದು ಜೊತೆ ಶಾಕ್‌ಗಳನ್ನು ಕೊಂಡೂ ತಂದಿದ್ದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ಕೆಲಸ ಮಾಡಿ, ಈಗ ಮನೆಯ ಮುಂದಿನ ಶೆಡ್ಡಿನಲ್ಲಿ ಹಳೆಯ ಗಾಡಿಗಳನ್ನಷ್ಟೇ ನೋಡುವ ಮೇಸ್ತ್ರಿಗಳು ಅವನ್ನು ಹಳೆಯ ಶಾಕ್‌ನ ಪಕ್ಕದಲ್ಲಿಟ್ಟು ಅಳೆದರು. ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ತೂತಿನವರೆಗೆ 20 ಮಿಲಿಮೀಟರ್ ಹೆಚ್ಚಿತ್ತು.

ಇಪ್ಪತ್ತು ಮಿಲಿಮೀಟರ್ ಎಂದರೆ ಒಂದು ಬೆರಳಿನಗಲ. ಆದರೆ ಹಿಂಭಾಗ ಅಷ್ಟು ಎದ್ದರೆ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ನೆಟ್ಟಗಾಗುತ್ತದೆ. ಫೋರ್ಕ್ ನೆಟ್ಟಗಾದಷ್ಟೂ ಹ್ಯಾಂಡಲ್ ಬೇಗ ತಿರುಗುತ್ತದೆ, ಆದರೆ ನೇರ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಗಾಡಿ ತನ್ನಷ್ಟಕ್ಕೆ ನೇರವಾಗಿ ನಿಲ್ಲುವ ಗುಣವನ್ನು ಕಳೆದುಕೊಳ್ಳುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂಚಕ್ರ ನೆಲ ಬಿಡುವುದಿಲ್ಲ. ಇದಲ್ಲದೆ ಈ ಗಾಡಿಗಳಲ್ಲಿ ಚೈನು ಪೂರ್ತಿಯಾಗಿ ಮುಚ್ಚಿದ ಕೇಸಿನಲ್ಲಿ ಓಡುತ್ತದೆ, ಮುಂದಿನ ಭಾಗಕ್ಕೆ ಎರಡು ರಬ್ಬರ್ ಕೊಳವೆಗಳಿವೆ. ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳಾದ ಸ್ವಿಂಗ್ ಆರ್ಮ್‌ನ ಕೋನ ಬದಲಾದರೆ ಚೈನು ಆ ಕೊಳವೆಗಳನ್ನು ಉಜ್ಜಲು ತೊಡಗುತ್ತದೆ.

"ಸ್ವಾಮೀ, ಸ್ಪ್ರಿಂಗು ಭಾರ ಹೊರೋಕೆ, ಎಣ್ಣೆ ಅದರ ಕುಣಿತ ನಿಲ್ಸೋಕೆ. ನಿಮ್ಮ ಶಾಕ್‌ನಲ್ಲಿ ಎಣ್ಣೇನೇ ಇಲ್ಲ. ಸ್ಪ್ರಿಂಗ್ ಮೇಲೆ ಯಾಕೆ ಸಿಟ್ಟು?" ಎಂದರು ಮೇಸ್ತ್ರಿಗಳು. ಈ ಒಂದು ಮಾತು ನನ್ನ ಯೋಜನೆಯನ್ನೆಲ್ಲ ಬದಲಿಸಿತು. ಹಿಂಭಾಗ ಮೆತ್ತಗಾಗಿದೆ ಎಂದು ನಾನು ಇಷ್ಟು ವರ್ಷ ತಿಳಿದದ್ದು ತಪ್ಪು. ಅದು ಮೆತ್ತಗಾಗಿರಲಿಲ್ಲ, ಕುಗ್ಗಿದ ಸ್ಪ್ರಿಂಗ್ ಮರಳಿ ಚಿಮ್ಮುವಾಗ ಅದನ್ನು ತಡೆಯುವುದೇನೂ ಇರಲಿಲ್ಲ. ಶಾಕ್‌ನೊಳಗೆ ಕುಣಿತ ತಡೆಯುವ ಭಾಗವಾದ ಡ್ಯಾಂಪರಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳಬೇಕು, ಆ ತಳ್ಳಾಟದಲ್ಲಿಯೇ ಚಿಮ್ಮುವ ಶಕ್ತಿ ಶಾಖವಾಗಿ ಕರಗಬೇಕು. ಸೀಲು ಹೋಗಿ ಎಣ್ಣೆ ಸೋರಿದ ಮೇಲೆ ಎಷ್ಟೇ ಗಟ್ಟಿ ಸ್ಪ್ರಿಂಗ್ ಹಾಕಿದರೂ ಕುಣಿತ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದ್ದರಿಂದ ಹಳೆಯ ಶಾಕ್‌ಗಳನ್ನೇ ಬಿಚ್ಚಿ, ರಾಡನ್ನು ಪಾಲಿಷ್ ಮಾಡಿಸಿ, ಹೊಸ ಸೀಲು ಹಾಕಿ, ಮೊದಲಿಗಿಂತ ಸ್ವಲ್ಪ ದಪ್ಪನೆಯ ಫೋರ್ಕ್ ಆಯಿಲನ್ನು ಎರಡರಲ್ಲೂ ಒಂದೇ ಅಳತೆಗೆ ತುಂಬಿದೆವು. ಅಳತೆ ಹೆಚ್ಚುಕಡಿಮೆಯಾದರೆ ಒಂದು ಬದಿ ಬೇಗ, ಇನ್ನೊಂದು ಬದಿ ನಿಧಾನವಾಗಿ ಮೇಲೆದ್ದು ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ. ಆ ಸ್ವಿಂಗ್ ಆರ್ಮ್‌ನ ಅಚ್ಚಿನ ಸುತ್ತ ಬಳೆಯಂತೆ ಕೂರುವ ಬುಷ್‌ಗಳೂ ಸವೆದಿದ್ದವು. ಚಕ್ರವನ್ನು ಹಿಡಿದು ಎಡಬಲಕ್ಕೆ ಅಲುಗಾಡಿಸಿದರೆ ಟಕಟಕ ಎನ್ನುತ್ತಿತ್ತು. ಲೇತ್‌ನಲ್ಲಿ ಗನ್‌ಮೆಟಲ್ ಬುಷ್ ಕಡೆಸಿ ಹಾಕಿದ ಮೇಲೆ ಆ ಸದ್ದು ನಿಂತಿತು. ತಿರುವಿನಲ್ಲಿ ಹಿಂಚಕ್ರ ಸರಿಯುತ್ತಿದ್ದುದಕ್ಕೆ ಮುಖ್ಯ ಕಾರಣ ಈ ಬುಷ್‌ಗಳೇ ಎಂದು ಇಂದಿನ ಸವಾರಿಯ ನಂತರ ನನಗೆ ಖಚಿತವಾಗಿದೆ.

ಟೈರಿನ ವಿಷಯದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದ್ದೆ. ಗೀರುಗಳು ಚೆನ್ನಾಗಿಯೇ ಉಳಿದಿವೆ ಎಂದು ನಂಬಿ ಓಡಿಸುತ್ತಿದ್ದ ಹಿಂದಿನ ಟೈರಿನ ಪಕ್ಕದಲ್ಲಿ 3209 ಎಂಬ ನಾಲ್ಕಂಕಿ ಇತ್ತು, ಅಂದರೆ 2009ರ 32ನೆಯ ವಾರದಲ್ಲಿ ತಯಾರಾದದ್ದು. ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು, ಉಗುರು ಊರಿದರೆ ಇಳಿಯುತ್ತಿರಲಿಲ್ಲ. ಅಂಥ ಗಟ್ಟಿ ರಬ್ಬರಿನ ಮೇಲೆ ಹಿಂದೆ ಮಗಳನ್ನು ಕೂರಿಸಿಕೊಂಡು ಮಳೆಯಲ್ಲಿ ಓಡಾಡಿದ್ದೇನೆ ಎಂಬುದು ನೆನಪಾದರೆ ಈಗಲೂ ಎದೆ ನಡುಗುತ್ತದೆ.

3.50ರ ಟೈರನ್ನು ಒಮ್ಮೆ ಕೂರಿಸಿ ನೋಡಿದೆವು. 3.25 ಇಂಚು ಎಂದರೆ ಸುಮಾರು 82.5 ಮಿಲಿಮೀಟರ್, 3.50 ಎಂದರೆ ಸುಮಾರು 89; ಎಡಕ್ಕೆ ಮೂರು, ಬಲಕ್ಕೆ ಮೂರು ಮಿಲಿಮೀಟರ್ ಅಷ್ಟೆ. ಆದರೂ ಚೈನ್ ಕೇಸಿನ ಬದಿಯಲ್ಲಿ ಒಂದು ಪೆನ್ಸಿಲ್ ತೂರುವಷ್ಟೂ ಜಾಗ ಉಳಿಯಲಿಲ್ಲ. ವಾಹನವನ್ನು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾರ್ಪಡಿಸಬಾರದೆಂಬ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮೂ ನೆನಪಿತ್ತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತೋರಿಸಬೇಕಾದವನು ನಾನು. ಹೊಸ 3.25-16 ಟೈರನ್ನೇ ಹುಡುಕಿ ತಂದು, ಹೊಸ ಟ್ಯೂಬು, ಹೊಸ ರಿಮ್ ಟೇಪಿನೊಂದಿಗೆ ಹಾಕಿಸಿದೆ.

ಕೊನೆಯ ಕೆಲಸ ಚೈನಿನ ಬಿಗಿ. ಗೇರ್‌ಬಾಕ್ಸಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಸ್ವಿಂಗ್ ಆರ್ಮ್‌ನ ಅಚ್ಚು, ಹಿಂಚಕ್ರದ ಅಚ್ಚು ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗಿರುತ್ತದೆ. ಸ್ಟ್ಯಾಂಡ್ ಹಾಕಿ ಬಿಗಿ ನೋಡಿದರೆ ಸಾಲದೆಂದು ತಮ್ಮನನ್ನು ಸೀಟಿನ ಮೇಲೆ ಕೂರಿಸಿ, ಆ ಗೆರೆ ಬರುವವರೆಗೆ ಒತ್ತಿಸಿ, ಆಗಲೂ ಸಡಿಲ ಉಳಿಯುವಂತೆ ಹೊಂದಿಸಿದೆವು.

ಆಷಾಢದ ಜನಸಂದಣಿಯಲ್ಲಿ ಚಾಮುಂಡಿ ಬೆಟ್ಟದ ತಿರುವುಗಳಿಗೆ ಹೋಗುವ ಮನಸ್ಸಾಗಲಿಲ್ಲ; ಅದು ಶ್ರಾವಣಕ್ಕೆ. ಬನ್ನೂರಿನಿಂದ ಬಂದ ಮೇಲೆ ಶಾಕ್‌ನ ರಾಡುಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಎಡಗಡೆಯದು ಒಣಗಿತ್ತು. ಬಲಗಡೆಯದರಲ್ಲಿ ತೆಳುವಾಗಿ ಎಣ್ಣೆಯ ಪಸೆ ಇತ್ತು. ಹೊಸ ಸೀಲು ಕೂರುವಾಗ ಅಷ್ಟು ಇರುತ್ತದೆಂದು ಮೇಸ್ತ್ರಿಗಳು ಹೇಳಿದ್ದರು. ಮುಂದಿನ ಭಾನುವಾರ ಮತ್ತೆ ಒರೆಸಿ ನೋಡಬೇಕು.