ಮೇ ತಿಂಗಳ ಲೋಡು ಮತ್ತು ಇಳಿಹೊತ್ತಿನ ಬಿಸಿಲು

ಕಲಬುರಗಿಯ ಹೊರವಲಯದ ಬಡಾವಣೆಯೊಂದರಲ್ಲಿ ಉದ್ಯಾನದ ಉಸ್ತುವಾರಿ ನನ್ನದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ನಮ್ಮ ಖರೀದಿ ವಿಭಾಗಕ್ಕೆ ಮಾತ್ರ ಉದ್ಘಾಟನೆಯ ದಿನಾಂಕವೊಂದೇ ಗೊತ್ತಿತ್ತು. ಲಾರಿ ನಸುಕಿನಲ್ಲಿ ತಲುಪಬೇಕೆಂದು ಖರೀದಿ ಆದೇಶದಲ್ಲಿ (ಪಿಒ) ಬರೆಯದೆ ಬಿಟ್ಟಿದ್ದರಿಂದ, ಆಂಧ್ರದ ಕಡಿಯಂನ ನರ್ಸರಿಗಳಿಂದ ಹೊರಟ ಅರೆಕಾ ಪಾಮ್, ಕ್ರೋಟನ್, ಕೇಪಳ ಮತ್ತು ಬೋಗನ್‌ವಿಲ್ಲಾ ಗಿಡಗಳ ಲೋಡು ನಡುಹಗಲಿಗೆ ಗೇಟಿನ ಮುಂದೆ ಬಂದು ನಿಂತಿತು.

ತಾಡಪತ್ರಿಯ ಅಂಚನ್ನು ಎತ್ತಿದಾಗ ಬೆಂದ ಸೊಪ್ಪಿನ ವಾಸನೆಯ ಹಬೆ ಮುಖಕ್ಕೆ ಹೊಡೆಯಿತು. ಹೊದಿಕೆಯನ್ನು ಹಾಗೆಯೇ ಬಿಟ್ಟರೆ ಗಿಡಗಳು ಒಳಗೇ ಬೇಯುತ್ತವೆ. ಪೂರ್ತಿ ತೆಗೆದರೆ, ನರ್ಸರಿಯ ನೆರಳುಬಲೆಯ (ಶೇಡ್ ನೆಟ್) ಅಡಿಯಲ್ಲಿ ಬೆಳೆದು ಕತ್ತಲಲ್ಲಿ ಪ್ರಯಾಣಿಸಿ ಬಂದ ಎಲೆಗಳು ಆ ಬಿಸಿಲಿಗೆ ಸುಟ್ಟುಹೋಗುತ್ತವೆ. ಚಾಲಕ ಲಾರಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಬಾಡಿಗೆಯ ಮಾತೆತ್ತಿದ್ದ. ಪ್ರಾಜೆಕ್ಟ್ ಮ್ಯಾನೇಜರ್ ಫೋನಿನಲ್ಲಿ, ‘ಗುಂಡಿ ರೆಡಿ ಇವೆಯಲ್ಲ, ನೇರವಾಗಿ ರಸ್ತೆ ನಡುವಿನ ಮೀಡಿಯನ್‌ನಲ್ಲಿ ಇಳಿಸಿ ನೆಟ್ಟುಬಿಡಿ’ ಎನ್ನುತ್ತಿದ್ದರು. ಹಮಾಲರು ಆಗಲೇ ಅರೆಕಾಗಳನ್ನು ಕಾಂಡ ಹಿಡಿದು ಎಳೆಯತೊಡಗಿದ್ದರು. ಗಿಡವಿರುವ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಬುಡಕ್ಕೆ ಕೈಕೊಟ್ಟು ಎತ್ತದಿದ್ದರೆ ಮಣ್ಣಿನ ಹೆಂಟೆ ಒಡೆದು ಎಳೆಬೇರು ಹರಿಯುತ್ತದೆ ಎಂದು ಅವರಿಗೆ ಹೇಳುವುದರಲ್ಲೇ ನನ್ನ ಗಂಟಲು ಒಣಗಿತು.

ಕೊನೆಗೆ ಲಾರಿಯನ್ನು ಕಟ್ಟಡದ ನೆರಳಿಗೆ ತಿರುಗಿಸಿ, ಎರಡೂ ಬದಿಯ ತಾಡಪತ್ರಿಯನ್ನಷ್ಟೇ ಮೇಲಕ್ಕೆ ಕಟ್ಟಿ ಗಾಳಿಯಾಡಲು ಬಿಟ್ಟು, ಗಿಡಗಳನ್ನು ಕಟ್ಟಡದ ಕಂಬಗಳ ನಡುವಿನ ತೆರೆದ ಸ್ಟಿಲ್ಟ್ ಪಾರ್ಕಿಂಗಿನ ಸ್ಲ್ಯಾಬಿನ ಅಡಿಗೆ ಸಾಗಿಸಿದೆವು. ನೆರಳೆಂದರೆ ನೆರಳೇ ಎಂದು ನಾನು ಎಣಿಸಿದ್ದೆ. ಹೊತ್ತು ಇಳಿಯುತ್ತಿದ್ದಂತೆ ಪಶ್ಚಿಮದ ತೆರಪಿನಿಂದ ಓರೆಬಿಸಿಲು ಒಳನುಗ್ಗಿ, ಅಂಚಿನ ಸಾಲಿನ ಕಪ್ಪು ಪ್ಯಾಕೆಟ್ಟುಗಳ ಮೇಲೆ ನೇರವಾಗಿ ಬಿತ್ತು. ಅವುಗಳ ಎಲೆಗಳು ಕೆಲದಿನ ಹಸಿರಾಗಿಯೇ ಇದ್ದು, ಬಳಿಕ ಉದುರತೊಡಗಿದವು. ಪ್ಯಾಕೆಟ್ ಸೀಳಿ ನೋಡಿದರೆ, ಬಿಸಿಲು ತಾಗಿದ ಬದಿಯ ಬೇರುಗಳು ಕಂದುಬಣ್ಣಕ್ಕೆ ತಿರುಗಿ, ಬೆರಳಿಗೆ ಸಿಪ್ಪೆ ಬಿಟ್ಟುಕೊಂಡು ಬರುತ್ತಿದ್ದವು. ಇನ್ನೊಂದು ಬದಿಯಲ್ಲಿ ಮಾತ್ರ ಬಿಳಿ ತುದಿಗಳು ಉಳಿದಿದ್ದವು. ಎಲೆಗೆ ನೆರಳು ಕೊಟ್ಟು ಪ್ಯಾಕೆಟ್ಟನ್ನು ಮರೆತರೆ ಆಗುವುದು ಇದೇ. ಹಳೆಯ ಗೋಣಿಚೀಲವನ್ನು ನೆನೆಸಿ ಸುತ್ತಲೂ ಹೊದಿಸಿದ್ದರೂ ಸಾಕಾಗುತ್ತಿತ್ತು.

ನೀರಿನ ವಿಷಯದಲ್ಲಿ ಕಾವಲು ಕಾಯಬೇಕಾಗಿ ಬಂದಿತು. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈಯಿಡಲಾಗದಷ್ಟು ಸುಡುತ್ತದೆ. ಅದನ್ನು ಚೆಲ್ಲಿ, ತಣ್ಣೀರು ಬಂದ ಮೇಲೆಯೇ ಬುಡಕ್ಕೆ ಬಿಡಬೇಕು. ಮಧ್ಯಾಹ್ನ ಜೋತುಬಿದ್ದ ಗಿಡವನ್ನು ಕಂಡ ಸೆಕ್ಯೂರಿಟಿಯವರಿಂದ ಹಿಡಿದು ಇಂಜಿನಿಯರ್‌ವರೆಗೆ ಎಲ್ಲರೂ ನೀರು ಹಾಕಿಸುವವರೇ. ಮಣ್ಣಿಗೆ ಬೆರಳಿಳಿಸಿ ತೇವವಿದ್ದರೆ ಸುಮ್ಮನಿರಬೇಕು. ಸಂಜೆಗೆ ಗಿಡ ತಾನೇ ಚೇತರಿಸಿಕೊಳ್ಳುತ್ತದೆ. ಇಲ್ಲಿನ ಎರೆಮಣ್ಣಿನಲ್ಲಿ ಹೆಚ್ಚಾದ ನೀರು ಇಂಗದೆ ನಿಂತು ಬೇರು ಕೊಳೆಯುತ್ತದೆ.

ಬೋಗನ್‌ವಿಲ್ಲಾ ಮಾತ್ರ ಕೆಲವು ದಿನ ಬೆಳಗಿನ ಎಳೆಬಿಸಿಲಿಗೆ ಒಗ್ಗಿಸಿದ ಮೇಲೆ, ಸಂಜೆ ಮೀಡಿಯನ್ ಸೇರಿತು. ಬುಡಕ್ಕೆ ಹೊಟ್ಟು ಹರಡಿದೆವು, ಗೊಬ್ಬರ ಹಾಕಲಿಲ್ಲ. ಉಳಿದವುಗಳನ್ನು ಮಳೆ ಹಿಡಿಯುವವರೆಗೆ ನೆಡುವುದಿಲ್ಲವೆಂದು ಲಿಖಿತವಾಗಿ ಕೊಟ್ಟೆ. ಉದ್ಘಾಟನೆಗೆ ಕುಂಡದ ಗಿಡಗಳನ್ನು ಬಾಡಿಗೆಗೆ ತಂದರು. ಆ ಬಿಲ್ಲಿಗೆ ಯಾರೂ ಚಕಾರವೆತ್ತಲಿಲ್ಲ. ಶೇಡ್ ನೆಟ್ಟಿಗೆಂದು ನಾನು ಕಳಿಸಿದ ಇಂಡೆಂಟ್ (ಬೇಡಿಕೆ ಪತ್ರ) ಮಾತ್ರ ‘ಸಮರ್ಥನೆ ಒದಗಿಸಿ’ ಎಂಬ ಷರಾದೊಂದಿಗೆ ಮರಳಿ ಬಂದಿದೆ.